ಬಾವಿಯ ದಾರಿಗೆ ಅಡ್ಡ ನಿಂತ ಒಡಪು

ಶಹಾಬಾದ್ ಕಡೆಯ ಆ ಊರಿಗೆ ಅಮೃತಮ್ಮ ಅಕ್ಕೋರು ಬಂದದ್ದು ಎಳೆವಯಸ್ಸಿನಲ್ಲೇ. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಅಳುತ್ತ ಕೂಡುವ ಜೀವವಲ್ಲ ಅದು; ಟ್ರೈನಿಂಗ್ ಮುಗಿಸಿ ಶಾಲೆ ಹಿಡಿದರು. ಪದ್ಯವೆಂದರೆ ಪ್ರಾಣ. ಎಲ್ಲರೂ ಪದ್ಯ ಬಾಯಿಪಾಠ ಮಾಡಿಸಿದರೆ ಇವರು ಹುಡುಗಿಯರಿಂದ ಪದ್ಯ ಕಟ್ಟಿಸುತ್ತಿದ್ದರು. ಆ ಕಾಲಕ್ಕೆ ಅಂಥವರು ಎಲ್ಲಿದ್ದರು ಹೇಳಿ!

ಊರಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ನೆಲಕ್ಕೆ ಹಾಸುವ ಫರಸಿಕಲ್ಲಿನ ಖಣಿ ನಡೆಸುವ ಬಸವಂತರಾಯ, ದೂರ ಸಾಗಿಸುವ ಖರ್ಚು ಉಳಿಯಲೆಂದು, ಖಣಿಯ ಕಲ್ಲುಚೂರನ್ನೆಲ್ಲ ಬಂಡಿಗಟ್ಟಲೆ ತಂದು ಅದರೊಳಗೇ ಸುರಿಸತೊಡಗಿದ. ದುಡ್ಡಿದ್ದವ, ಮೇಲಾಗಿ ಊರಿನ ಅಳಿಯ. ಯಾರು ಎದುರಾಡಬೇಕು? ಬಾವಿ ಮುಚ್ಚಿಹೋದರೆ ಹುಡುಗಿಯರು ಕೊಡ ಹೊತ್ತು ಕಾಗಿಣಾ ಹೊಳೆಗೆ ಅಲೆಯಬೇಕು. ಶಾಲೆಯ ಆಸೆ ಅಲ್ಲಿಗೇ ಮುಗಿಯಿತು.

ಅಕ್ಕೋರು ಮೊದಲು ಮಾಡಿದ್ದು ತಪ್ಪೇ. ‘ಓ ಪ್ರಕೃತಿ ಮಾತೆ’ ಎಂದು ಇಂಪಾದ ಪದ್ಯ ಬರೆಸಿ ಆಗಸ್ಟ್ ಹದಿನೈದಕ್ಕೆ ಓದಿಸಿದರು. ಮುಖ್ಯ ಅತಿಥಿ ಯಾರು? ಬಸವಂತರಾಯನೇ! ತಲೆದೂಗಿದ, ಚಪ್ಪಾಳೆ ಹೊಡೆದ, ಪೇಢೆ ಹಂಚಿದ. ಮರುದಿನ ಮತ್ತೆ ಬಂಡಿ ಹೂಡಿಸಿದ.

“ಸುಟ್ಟು ಬರಲಿ ನಮ್ಮ ಪದ್ಯ!” ಎಂದು ಅಕ್ಕೋರು ಸಿಡಿದರು.

ಆ ವಾರವೇ ಊರಲ್ಲಿ ಒಂದು ಮದುವೆ. ವಿಧವೆಯೆಂದು ಅವರನ್ನು ಬಾಗಿಲ ಬಳಿಗೆ ಕರೆಯುವವರಿಲ್ಲ. ಎಂಥ ಕೆಟ್ಟ ಪದ್ಧತಿಯೋ! ಅಂಗಳದಲ್ಲೇ ಕೂತು ನೋಡಿದರು. ಹುಡುಗಿಯರು ಬಾಗಿಲಿಗೆ ಅಡ್ಡಗಟ್ಟಿದ್ದರು. ಹೆಂಡತಿಯ ಹೆಸರು ಸೇರಿಸಿ ಪ್ರಾಸದ ಒಡಪು ಹೇಳುವವರೆಗೆ ಮದುಮಗನನ್ನು ಒಳಗೆ ಬಿಡಲಿಲ್ಲ. ಮೀಸೆಯ ಗಂಡಸು ಬೆವರುತ್ತ ನಿಂತಿದ್ದ. ಅಕ್ಕೋರ ತಲೆಯಲ್ಲಿ ಏನೋ ಹೊಳೆಯಿತು.

“ಚಂದ ಬರೀಬ್ಯಾಡ್ರಿ,” ಎಂದರು ಮರುದಿನ ಕ್ಲಾಸಿನಲ್ಲಿ. “ಆಹಾ ಓಹೋ ತಗೀರಿ. ಯಾರಿಗಿ ಹೇಳಾಕತ್ತೀರಿ, ಅವರ ಮಾರಿ ನೆನಸಿ ಬರೀರಿ. ಕೇಳಿದಾಂವ ಚಪ್ಪಾಳಿ ಹೊಡೀಬಾರದು, ಜವಾಬು ಕೊಡಬೇಕು.”

ಹುಡುಗಿಯರು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಒಂದು ಮುಂಜಾನೆ ಬಾವಿಯ ದಾರಿಗೆ ಕೈಕೈ ಹಿಡಿದು ಅಡ್ಡ ನಿಂತರು. ಮುಂದಿನ ಬಂಡಿಯಲ್ಲಿ ಬಸವಂತರಾಯನೇ ಕೂತಿದ್ದ.

“ಒಡಪು ಹೇಳ್ರಿ ಮಾವಾ, ಇಲ್ಲಾಂದ್ರ ಬಿಡಂಗಿಲ್ಲ!” ಎಂದು ಮರೆಮ್ಮನೆಂಬ ಹುಡುಗಿ ರಾಗ ತೆಗೆದಳು:

“ಕಾಲಿಗಿ ಕೊಟ್ಟೀವಿ ನೀರ, ಕುಡಿಲಿಕ್ಕ ಕೊಟ್ಟೀವಿ ನೀರ,
ಆ ನೀರ ಸೇದಿದಾಕಿ ಯಾರ, ಹೇಳ್ರಿ ಅಳಿಯದೇವರ!”

ಬಂಡಿಯವರು ಕಿಸಕ್ಕನೆ ನಕ್ಕರು. ಒಡಪಿಗೆ ಹಿಂದೆಗೆದರೆ ಅಳಿಯನ ಮರ್ಯಾದೆ ಏನುಳಿಯಿತು? ಅವನೂ ನಗುತ್ತಲೇ ಶುರುಮಾಡಿದ: “ನೀರ ಸೇದಿದಾಕಿ ನನ್ನ ಸಾಬಮ್ಮ...”

ಅಷ್ಟೇ. ಕಣ್ಣು ಬಾವಿಯ ಕಡೆ ಹೊರಳಿತು. ತಾನು ಹೆಣ್ಣು ನೋಡಲು ಬಂದ ದಿನ ಸಾಬಮ್ಮ ಈ ಬಾವಿಯ ನೀರನ್ನೇ ಸೇದಿ ತಂದುಕೊಟ್ಟಿದ್ದಳು.

ಕೊಡ ಹೊತ್ತು ನಿಂತಿದ್ದ ಮುದುಕಿ ಜಾನಬಿ ಕೆಣಕಿದಳು: “ಮುಂದ ಹೇಳಪ್ಪಾ. ಅರ್ಧಾ ಒಡಪು ನಡಿಯಂಗಿಲ್ಲ.”

ಬಸವಂತರಾಯ ತಲೆತಗ್ಗಿಸಿ ಬಂಡಿಯವನಿಗೆ, “ಹೊಳ್ಳಿಸೋ,” ಎಂದ.

ಹಾಗೆ ತಿರುಗಿ ಹೋದ ಆ ಬಂಡಿಗಳೇ ಮುಂದೆ ಬಾವಿಯೊಳಗಿನ ಕಲ್ಲು ಹೊತ್ತೊಯ್ದವು. ತಿಳಿನೀರು ಬಂದ ದಿನ ಸಾಬಮ್ಮ ಮೊದಲ ಕೊಡ ಸೇದಿದಳು. ಬಸವಂತರಾಯ ಬೊಗಸೆಯಲ್ಲಿ ಕುಡಿದು, ಬಾಯಿ ಒರೆಸಿಕೊಂಡು, ಉಳಿದಿದ್ದ ಒಡಪು ಮುಗಿಸಿದ:

“ನೀರ ಸೇದಿದಾಕಿ ನನ್ನ ಸಾಬಮ್ಮ,
ನಾ ಸುರುವಿದ ಕಲ್ಲ ತಗಿಸಿದಾಕಿ ನಮ್ಮಕ್ಕ ಅಮೃತಮ್ಮ!”

ಜನ ಹೋ ಎಂದರು. ಅಕ್ಕೋರು ದೂರದಲ್ಲಿ, ಎಂದಿನಂತೆ ಅಂಚಿನಲ್ಲೇ ನಿಂತಿದ್ದರು. ತಮ್ಮ ಹೆಸರು ಒಂದು ಒಡಪಿನಲ್ಲಿ ಬಂದೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಸಾಬಮ್ಮ ಬಂದು ಕೈಹಿಡಿದು ಬಾವಿಕಟ್ಟೆಗೆ ಕರೆದೊಯ್ದಳು.