ಭರಪೂರ ಮೀಠ

ನಿನ್ನೆ ಕಲ್ಯಾಣ ಸ್ಟೇಷನ್ನಿನಲ್ಲಿ ಮನೆಗೆ ಹೋಗಲು ಡೊಂಬಿವಲಿಯ ಲೋಕಲ್ ರೈಲು ಹಿಡಿಯಬೇಕಾದವಳು ಟಿಟ್ವಾಳಾದ ಲೋಕಲ್ ಹತ್ತಿಬಿಟ್ಟೆ. ತಪ್ಪಿ ಹತ್ತಿದ್ದಲ್ಲ, ಮೂಗು ಹತ್ತಿಸಿತು. ಆ ಕಡೆಯಿಂದ ಬಂದ ಗಾಡಿಯಿಂದ ಹೆಂಗಸೊಬ್ಬಳು ತಗಡಿನ ಡಬ್ಬ ಹಿಡಿದು ಇಳಿದಳು ನೋಡಿ, ಮುಚ್ಚಳದ ಸಂದಿಯಿಂದ ಬಿಸಿ ನಾನ್‌ಖಟಾಯಿಯ ಘಮ! ಐವತ್ತು ದಾಟಿದವಳು, ಶುಗರ್ ಮಾತ್ರೆ ನುಂಗುವವಳು ನಾನು. ಆದರೆ ಮೂಗಿಗೆ ವಯಸ್ಸೆಲ್ಲಿ?

ಟಿಟ್ವಾಳಾದಲ್ಲಿ ಈ ನಾನ್‌ಖಟಾಯಿ ಮಾಡಿಕೊಡುವ ಬೇಕರಿಯ ವಿಷಯ ನಿಮಗೆ ಹೇಳಲೇಬೇಕು. ಗಾಜಿನ ಕಪಾಟು, ಕ್ರೀಮಿನ ಕೇಕು ಒಂದೂ ಇಲ್ಲ. ಕಟ್ಟಿಗೆಯ ಭಟ್ಟಿ, ಹೊರಗೊಂದು ಬೆಂಚು, ಅಷ್ಟೇ. ಮೈದಾ, ಸಕ್ಕರೆ, ತುಪ್ಪ ನಾವೇ ಮನೆಯಿಂದ ಒಯ್ಯಬೇಕು. ಅವರು ಕಲಸಿ, ತಟ್ಟಿ, ಬೇಯಿಸಿ ನಮ್ಮ ಡಬ್ಬಕ್ಕೇ ತುಂಬಿಕೊಡುತ್ತಾರೆ. ತಮ್ಮ ತುಪ್ಪ ಪಕ್ಕದವಳ ಹಿಟ್ಟಿಗೆ ಹೋದೀತೆಂದು ಹೆಂಗಸರು ಬೆಂಚು ಬಿಟ್ಟು ಕದಲುವುದಿಲ್ಲ.

ಆ ಬೆಂಚಿನಲ್ಲಿ ನಾನು ಮೊದಲ ಸಲ ಕೂತದ್ದು, ಮದುವೆಯಾಗಿ ಹುಬ್ಬಳ್ಳಿಯಿಂದ ಡೊಂಬಿವಲಿಗೆ ಬಂದ ಮೇಲಿನ ಮೊದಲ ದೀಪಾವಳಿಗೆ. ನಮ್ಮತ್ತೆಯ ನಾನ್‌ಖಟಾಯಿಗೆ ಇಡೀ ಬಿಲ್ಡಿಂಗಿನಲ್ಲಿ ಹೆಸರು. ಹಬ್ಬದ ತಟ್ಟೆ ಮನೆಮನೆಗೆ ಹೋದಾಗ ಎಲ್ಲರೂ ಚಕ್ಕುಲಿ ಬಿಟ್ಟು ಮೊದಲು ಅದಕ್ಕೇ ಕೈಹಾಕುತ್ತಿದ್ದರಂತೆ. ಅತ್ತೆಗೆ ಮಾತು ಕಡಿಮೆ. ಬೈದವರಲ್ಲ, ಆದರೆ ಆರು ತಿಂಗಳಲ್ಲಿ ನನ್ನ ಕಡೆ ನೋಡಿ ಒಮ್ಮೆಯೂ ನಕ್ಕಿರಲಿಲ್ಲ. ನಾನು ಸೊಸೆಯೋ, ಪೇಯಿಂಗ್ ಗೆಸ್ಟೋ? ಅವರೊಮ್ಮೆ ನಕ್ಕರೆ ಸಾಕು, ಈ ಮನೆ ನನ್ನದಾಗುತ್ತದೆ ಎಂದು ಹಂಬಲಿಸುತ್ತಿದ್ದೆ.

ಭಟ್ಟಿಯ ಮುಂದೆ ನನ್ನನ್ನು ಕೂರಿಸಿ ಅತ್ತೆ ಎದ್ದರು. “ನಾ ಗಣಪತಿಗೆ ಕೈಮುಗದು ಬರ್ತೀನಿ. ತುಪ್ಪದ ಮ್ಯಾಲೆ ಲಕ್ಷ್ಯ ಇರ್ಲಿ. ಅಂವ ಏನರ ಕೇಳಿದ್ರ ಹೇಳು.”

ಹೇಳದೆ ಇರುತ್ತೇನೆಯೇ! ಹಿಂದಿಯಲ್ಲಿ ಶಾಲೆಗೇ ಮೊದಲು ಬಂದವಳು ನಾನು. ಮರಾಠಿಯೆಂದರೆ ಹಿಂದಿಯ ತಂಗಿ ಎಂದು ತಿಳಿದಿದ್ದೆ.

ಎಲ್ಲರೂ ಮಾಮಾ ಎಂದು ಕರೆಯುತ್ತಿದ್ದ ಭಟ್ಟಿಯವರು ಹಿಟ್ಟು ತಿಕ್ಕುತ್ತ ಕೇಳಿದರು: “ವಹಿನಿ, ಮೀಠ ಕಿತೀ?”

ಕಿತೀ ಎಂದರೆ ಎಷ್ಟು, ಅದು ಗೊತ್ತಿತ್ತು. ಮೀಠ ಎಂದರೆ ಮೀಠಾ, ಸಿಹಿ! “ಭರಪೂರ!” ಎಂದೆ.

ಮಾಮಾನ ಕೈ ನಿಂತಿತು. “ಭರಪೂರ?”

“ಹೋ! ಆಮಚ್ಯಾ ಘರೀ ಖೂಪ್ ಮೀಠ!” ನಮ್ಮ ಮನೆಯಲ್ಲಿ ಸಿಹಿ ಧಾರಾಳ ಎಂದು ಹೇಳಿದೆನೆಂದೇ ನನ್ನ ಹೆಮ್ಮೆ. ಮೈದಾ ನಮ್ಮದು, ತುಪ್ಪ ನಮ್ಮದು, ಹಣೆಬರಹವೂ ನಮ್ಮದು. ಅವರಿಗೇನು, ಹಾಕಿದರು.

ಕುಂಕುಮ ಹಚ್ಚಿಕೊಂಡು ಬಂದ ಅತ್ತೆ ಬಿಸಿಬಿಸಿಯದೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು.

“ಏನ್ ಹೇಳಿದಿ ಅವಂಗ?”

“ಮೀಠ ಎಷ್ಟು ಅಂದ್ರು. ಭರಪೂರ ಅಂದೆ, ಅತ್ತಿ.”

“ಯವ್ವಾ! ಮರಾಠ್ಯಾಗ ಮೀಠ ಅಂದ್ರ ಉಪ್ಪು!” ಎಂದವರೇ ಬೆಂಚಿನ ಮೇಲೆ ಕುಸಿದರು. ಎದೆಗಿದೆ ನೋವಾಯಿತೇ ಎಂದು ನನ್ನ ಜೀವ ಬಾಯಿಗೆ ಬಂತು. ಇಲ್ಲ, ನಗು! ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲದ ನಗು!

“ನಾ ಹೊಸದಾಗಿ ಬಂದಾಗ ಅಂಗಡ್ಯಾಂವ ‘ಕಾಯ್ ಪಾಹಿಜೆ?’ ಅಂತಿದ್ದ. ಏನ್ ಬೇಕು ಅಂತ ಕೇಳ್ತಾನ ಅಂತ ನನಗೇನ್ ಗೊತ್ತು? ಕಾಯಿ ಬೇಕೇನು ಅಂತಾನ ಅಂದ್ಕೊಂಡು, ಹೂಂ ಹೂಂ ಅಂದು ದಿನಾ ಒಂದ್ ತೆಂಗಿನಕಾಯಿ ತರ್ತಿದ್ದೆ. ನಿಮ್ಮ ಮಾವ ಹದಿನೈದ್ ದಿನ ಬರೇ ಚಟ್ನಿ ತಿಂದ್ರು!”

ನಾನೂ ನಕ್ಕೆ. ಬೆಂಚಿನ ಹೆಂಗಸರೂ ನಕ್ಕರು. ಏನೆಂದು ತಿಳಿಯದ ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕರು.

ಆದರೆ ಡಬ್ಬ ತುಂಬ ಉಪ್ಪೇ. ತಟ್ಟೆಗಳು ಮನೆಮನೆಗೆ ಹೋದವು. ಎದುರುಮನೆಯ ಕಾಕೂ ಒಂದು ಕಚ್ಚಿ, ಮುಖ ಕಿವುಚಿ, ನನ್ನನ್ನೇ ದಿಟ್ಟಿಸಿದರು. ಅತ್ತೆ ಗಂಭೀರವಾಗಿ ಮರಾಠಿಯಲ್ಲಿ, ಇದು ತಾನೇ ಹೇಳಿ ಮಾಡಿಸಿದ್ದು, ಹುಬ್ಬಳ್ಳಿಯ ಕಡೆ ಚಹಾದ ಜೊತೆ ಹೀಗೇ ತಿನ್ನುವುದು, ಎಂದುಬಿಟ್ಟರು. ಹುಬ್ಬಳ್ಳಿ ಅಂಥದ್ದನ್ನು ಹುಟ್ಟಿದಾಗಿನಿಂದ ಕಂಡಿಲ್ಲ! ಅಷ್ಟು ವರ್ಷದ ಹೆಸರನ್ನು ನನಗಾಗಿ ನೀರಿಗೆ ಬಿಟ್ಟರಲ್ಲ, ಅಡುಗೆಮನೆಗೆ ಓಡಿ ಕಣ್ಣೊರೆಸಿಕೊಂಡೆ. ಮರುದಿನ ಕಾಕೂ ಬಂದು ಚಹಾಕ್ಕೆಂದು ಇನ್ನೆರಡು ಕೇಳಿ ಒಯ್ದರು.

ನಿನ್ನೆ ಅದೇ ಬೆಂಚಿನಲ್ಲಿ ಕೂತಿದ್ದೆ. ಈಗ ಮಾಮಾನ ಮಗಳು ಭಟ್ಟಿ ನೋಡಿಕೊಳ್ಳುತ್ತಾಳೆ. ನನ್ನಂತೆ ಬರಿಗೈಯಲ್ಲಿ ಬಂದವರಿಗೆ ತಯಾರಿದ್ದದ್ದನ್ನೂ ತೂಗಿ ಕೊಡುತ್ತಾಳೆ. ಫೋನು ಬಂತು. ಎಂಬತ್ತು ದಾಟಿದ ಅತ್ತೆ.

“ಎಲ್ಲಿದ್ದಿ? ಊಟದ ಹೊತ್ತಾತು.”

“ಟಿಟ್ವಾಳಾದಾಗ, ಅತ್ತಿ.”

“ಎಷ್ಟ್ ತಿಂದಿ?”

“ಬರೇ ಒಂದು.”

ತಿಂದದ್ದು ನಾಲ್ಕು. ಒಂದು ಕಾಲಕ್ಕೆ ಇವರೆದುರು ಕೆಮ್ಮಲೂ ಹೆದರುತ್ತಿದ್ದವಳು, ತವರಿನಲ್ಲಿ ಅವ್ವನಿಗೆ ಹೇಳುವಷ್ಟೇ ಸಲೀಸಾಗಿ ಸುಳ್ಳು ಹೇಳಿದ್ದೆ.

“ಸುಳ್ಳುಬುರುಕಿ,” ಎಂದರು ಅತ್ತೆ. “ನನಗೂ ನಾಕು ತಾ.”