ಇಲಿಯ ನೆತ್ತರಲ್ಲಿ ಕಂಡದ್ದು

ಮೊನ್ನೆ ತಿಪಟೂರಿನ ಲ್ಯಾಬೊಂದರಲ್ಲಿ ಸಕ್ಕರೆ ಪರೀಕ್ಷೆಗೆಂದು ಬೆರಳು ಚುಚ್ಚಿಸಿಕೊಂಡು ಕೂತಿದ್ದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊನ್ನವಳ್ಳಿಯ ನಮ್ಮ ತೋಟದ ಕೋಣೆಯಲ್ಲಿ ಕೆಲವು ತಿಂಗಳು ಇದ್ದ ಶುಭಾ ನೆನಪಾದಳು.

ಅವಳದು ಇಲಿಗಳ ಮೇಲೆ ಸಂಶೋಧನೆ. ಸುಟ್ಟ ಕೊಬ್ಬರಿ ಸಿಕ್ಕಿಸಿ ಬೋನು ಇಡುವಳು. ಬಿದ್ದ ಇಲಿಗೆ ಮತ್ತು ಬರಿಸಿ, ಕಿವಿಯ ಉಣ್ಣೆ ಕಿತ್ತು ಸ್ಪಿರಿಟ್ಟಿನ ಸೀಸೆಗೆ ಹಾಕಿ, ಬಾಲದಿಂದ ಒಂದು ಹನಿ ರಕ್ತ ತೆಗೆದು ಗಾಜಿಗೆ ಸವರಿ, ಎಚ್ಚರವಾದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟುಬಿಡುವಳು. ನಮ್ಮತ್ತೆಗೆ ಇದನ್ನು ಕಂಡು ತಡೆಯಲಾಗಲಿಲ್ಲ. "ಇಲಿಗೂ ರಕ್ತ ಪರೀಕ್ಷೆ ಆಯ್ತದಂತೆ ಕಣೇ. ನನ್ ಮಂಡಿನ ಕೇಳೋರಿಲ್ಲ" ಎಂದರು.

ಅಷ್ಟರಲ್ಲಿ ನಮ್ಮ ಹಸು ಗಂಗೆ ಮೇವು ಬಿಟ್ಟಿತು. ಗಂಜಲ ಕೆಂಪಗಾಯಿತು. ಪಶುವೈದ್ಯರು ಸೂಜಿ ಚುಚ್ಚಿ, "ಉಣ್ಣೆ ಜ್ವರ ಕಣಮ್ಮ, ಮೂರು ದಿನ ಕಳೀಲಿ" ಎಂದು ಹೋದರು. ನನ್ನ ತಲೆ ನೆಟ್ಟಗೆ ಶುಭಾಳ ಸೀಸೆಗೆ ಓಡಿತು. ಇಲಿ ಪಾಷಾಣದ ಪೊಟ್ಟಣ ಹಿಡಿದು ತೋಟಕ್ಕೆ ನಡೆದೆ.

"ನಿನ್ ಇಲಿಗಳಿಂದ್ಲೇ ಕಣಮ್ಮ ನಮ್ ಗಂಗೆಗೆ ಬಂದಿರೋದು. ಒಂದನ್ನೂ ಬುಡಲ್ಲ ನಾನು."

ಅವಳು ವಾದಿಸಲಿಲ್ಲ. "ಅಕ್ಕ, ಒಂದ್ಸಲ ಇದನ್ನ ನೋಡಿ. ಆಮೇಲೆ ನಿಮ್ಮಿಷ್ಟ" ಎಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ, ಹರವಿದ ರಾಗಿಯ ಹಾಗೆ ಸಾವಿರಾರು ದುಂಡನೆಯ ರಕ್ತದ ಕಣಗಳು. ಅಲ್ಲೊಂದು ಇಲ್ಲೊಂದರ ಒಳಗೆ ನೇರಳೆ ಬಣ್ಣದ ಪುಟ್ಟ ಉಂಗುರ. ಒಂದರಲ್ಲಂತೂ ನಾಲ್ಕು ಚುಕ್ಕಿ, ಹೂವಿನ ಎಸಳು ಜೋಡಿಸಿದಂತೆ.

"ಉಣ್ಣೆ ಕಚ್ಚಿದಾಗ ಇಲಿ ರಕ್ತಕ್ಕೆ ಸೇರಿದ ಜೀವ ಇದು. ಇನ್ನೊಂದು ಉಣ್ಣೆ ಬಂದು ರಕ್ತ ಹೀರಿದ್ರೆ ಅದರೊಳಕ್ಕೆ ಹೋಗುತ್ತೆ. ಹಸುಗೆ ಬರೋದೇ ಬೇರೆ ಜಾತಿ, ಅದನ್ನ ತರೋ ಉಣ್ಣೆನೂ ಬೇರೆ."

"ರಕ್ತದಲ್ಲಿ ಇದಿದ್ರೂ ಈ ಇಲಿ ಸಾಯಲ್ವಾ?"

ಅವಳು ಬೋನಿನ ಕಡೆ ಕೈ ತೋರಿಸಿದಳು. ಆ ಹನಿ ರಕ್ತದ ಒಡೆಯ ಎರಡು ಕೈಯಲ್ಲಿ ಕೊಬ್ಬರಿ ಹಿಡಿದು, ನಮ್ಮ ಪರಿವೆಯೇ ಇಲ್ಲದೆ ಮೆಲ್ಲುತ್ತಿತ್ತು.

ಅಂಗೈಯಗಲದ ಪ್ರಾಣಿ, ಅದರ ಕಿವಿಯಲ್ಲಿ ಎಳ್ಳಿನಷ್ಟು ಉಣ್ಣೆ, ಅದರೊಳಗೂ ಒಂದು ಸಂಸಾರ. ಪೊಟ್ಟಣ ಬಿಚ್ಚದೆ ಮನೆಗೆ ಬಂದೆ. ಮೂರನೇ ದಿನ ಗಂಗೆ ಎದ್ದು ಹುಲ್ಲಿಗೆ ಬಾಯಿ ಹಾಕಿತು.

ನಾನೇನು ಸಂತಳಾಗಿಲ್ಲ, ಇಲಿಗಳನ್ನು ಈಗಲೂ ಬೈಯುತ್ತೇನೆ. ಇವತ್ತೂ ತೋಟದಲ್ಲಿ ಒಂದು ಎಳನೀರು ಇಲಿ ಕಡಿದು ತೂತಾಗಿ ಉದುರಿತ್ತು. ಎತ್ತಿಕೊಂಡು ಹಲ್ಲಿನ ಗುರುತು ಸವರಿದೆ. ಮೇಲೆ ತೆಂಗಿನ ಗರಿಗಳ ಸಂದಿಯಲ್ಲಿ ಏನೋ ಸರಿದಾಡಿತು. ಕತ್ತು ನೋಯುವವರೆಗೂ ನೋಡುತ್ತ ನಿಂತೆ.