ಹಗೇವಿಗೆ ಬಿಟ್ಟ ದೀಪ

ಚಂಪಕ್ಕ, ನಿಮ್ಮ ತಮ್ಮ ನೇಮಿನಾಥನನ್ನು ಮಾಸ್ತರರು ಕೊಲ್ಲಲಿಲ್ಲ. ಅವನ ಸಾವಿಗೆ ಕಾರಣಳಾದವಳು ನಾನು. ಇಷ್ಟು ವರ್ಷ ಅದನ್ನು ಮುಚ್ಚಿಟ್ಟವಳೂ ನಾನೇ.

ಈ ಮೂರು ಸಾಲು ಬರೆಯುವುದಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಬರೆದೆ, ಹರಿದೆ, ಒಲೆಗೆ ಹಾಕಿದೆ. ಈಗ ಹರಿಯುವುದಿಲ್ಲ. ಹೋದ ವಾರ ಬೇಡಗದಲ್ಲಿ ಸಭೆ ಸೇರಿತ್ತು — ಶಾಲೆಗೆ ಮಾಸ್ತರರ ಹೆಸರಿಡಬೇಕೆಂದು. ಅದು ನನ್ನ ತವರೂರು, ಅದಕ್ಕೇ ಹೋಗಿದ್ದೆ. ಅಲ್ಲಿ ನಿಮ್ಮ ಕಾಗದ ಓದಿದರು. ದೀಪ ಬಿಟ್ಟು ನೋಡದೆ ಒಬ್ಬ ಹುಡುಗನನ್ನು ಹಗೇವಿಗೆ ಇಳಿಸಿದವನ ಹೆಸರು ಮಕ್ಕಳ ಶಾಲೆಗೆ ಬೇಡ ಎಂದು ನೀವು ಬರೆದಿದ್ದಿರಿ. ಯಾರೂ ನಿಮಗೆ ಎದುರಾಡಲಿಲ್ಲ. ತೀರ್ಮಾನವನ್ನು ಮುಂದಿನ ರವಿವಾರಕ್ಕೆ ದೂಡಿ ಚಹಾ ಕುಡಿದು ಎದ್ದರು. ನಾನೂ ಕುಡಿದೆ, ಚಂಪಕ್ಕ. ಆ ಚಹಾ ಗಂಟಲಲ್ಲಿ ಇಳಿಯಿತು ಎನ್ನುವುದೇ ನನಗೆ ಈಗ ಅಸಹ್ಯವಾಗುತ್ತಿದೆ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹೆಸರು ಗಂಗವ್ವ. ಸಾಂಗಲಿಯಲ್ಲಿ ಅರಿಶಿನದ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಹಗೇವುಗಳು ಹರಿಪುರದ ಹಾದಿಯ ಮನೆಯಂಗಳದಲ್ಲಿದ್ದವು — ಮರಾಠಿಯವರು ಪೇವು ಎನ್ನುತ್ತಾರಲ್ಲ, ನೆಲದೊಳಗಿನ ಆ ಆಳದ ಕಣಜಗಳು. ಅರಿಶಿನ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡಬೇಕು. ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಇದು ಸಾಂಗಲಿಯಲ್ಲಿ ಕೂಸಿಗೂ ಗೊತ್ತು.

ನಮ್ಮ ಮನೆಯಲ್ಲಿ ಮಾತ್ರ ಅದು ಅಷ್ಟಕ್ಕೇ ನಿಂತಿರಲಿಲ್ಲ. ದೀಪ ಎಂದರೆ ಲಕ್ಷ್ಮಿ ಎಂದು, ದೇವರ ಮುಂದೆ ಹಚ್ಚಿ ಮನೆಯ ಹೆಣ್ಣುಮಗಳೇ ತಂದು ಬಿಡಬೇಕೆಂಬ ರೂಢಿ. ಉರಿದರೆ ಅವಳ ಕೈಗುಣ. ಆರಿದರೆ — ಅದೂ ಅವಳ ಕೈಗುಣವೇ. ಗಾಳಿ ನೋಡಲೆಂದು ಯಾವ ಕಾಲದಲ್ಲೋ ಶುರುವಾದದ್ದು ಸೊಸೆಯರನ್ನು ತೂಗುವ ತಕ್ಕಡಿಯಾಗಿ ಕೂತಿತ್ತು. ಅತ್ತೆಗೆ ಮೊಣಕಾಲು ನೋವು ಶುರುವಾದ ಮೇಲೆ ಆ ಕೆಲಸ ನನಗೆ ಬಂತು.

ಮಾಸ್ತರರನ್ನು ನಾನು ಅದಕ್ಕೂ ಮೊದಲಿನಿಂದ ಬಲ್ಲೆ. ಬೇಡಗದ ಶಾಲೆಯಲ್ಲಿ ಅವರು ಕಲಿಸುತ್ತಿದ್ದದ್ದು ಮರಾಠಿ. ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ನಮ್ಮಂಥ ನಾಲ್ಕೈದು ಕನ್ನಡದ ಮನೆಯ ಹುಡುಗಿಯರನ್ನು ಕೂರಿಸಿಕೊಂಡು ಕನ್ನಡ ತಿದ್ದಿಸುತ್ತಿದ್ದರು. ಈ ಅಕ್ಷರಗಳು ಅವರು ಕಲಿಸಿದವು. ಅವರ ಮೇಲಿನ ಸುಳ್ಳನ್ನು ಬೆಳೆಯಲು ಬಿಟ್ಟವಳು ಅವರದೇ ಅಕ್ಷರದಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದಾಳೆ, ನೋಡಿ.

ಆಮೇಲೆ ಯುದ್ಧ ಬಂತು, ಬ್ರಿಟಿಷರು ದೇಶ ಬಿಟ್ಟು ಹೋಗಲಿ ಎಂಬ ಕೂಗು ಬಂತು, ಮಾಸ್ತರರು ಶಾಲೆ ಬಿಟ್ಟು ಭೂಗತರಾದರು. ಎರಡು ವರ್ಷ ಅವರನ್ನು ಹಿಡಿಯಲು ಆಗಲಿಲ್ಲ. ಬ್ರಿಟಿಷರ ಸರಹದ್ದಿನಲ್ಲಿ ಹುಡುಕಿದರೆ ಸಾಂಗಲಿ ಸಂಸ್ಥಾನಕ್ಕೆ ಬರುತ್ತಿದ್ದರು, ಸಾಂಗಲಿಯಲ್ಲಿ ಹುಡುಕಿದರೆ ಮಿರಜ ಸಂಸ್ಥಾನಕ್ಕೆ ದಾಟುತ್ತಿದ್ದರು. ಒಂದು ರಾಜ್ಯದ ಪೋಲೀಸರು ಇನ್ನೊಂದಕ್ಕೆ ಬರಲು ಕಾಗದ ತರುವಷ್ಟರಲ್ಲಿ ಇವರು ಊಟ ಮುಗಿಸಿ ಹೊರಟಿರುತ್ತಿದ್ದರು. ಹೋದ ಊರುಗಳಲ್ಲಿ ಬಾವಿಯ ಜಗಳ, ಬದುವಿನ ಜಗಳ ಬಗೆಹರಿಸಿದರು. ಹೆಂಡತಿಯನ್ನು ಹೊಡೆಯುವವರನ್ನು ಊರೆದುರು ಕರೆಸಿ ನಿಲ್ಲಿಸಿದರು. ಅವರ ಕಡೆಯವರಿಂದ ಅತಿಯಾಗಿ ಪೆಟ್ಟು ತಿಂದವರೂ ಇದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅವರೂ ಅಲ್ಲಗಳೆಯಲಿಲ್ಲ. ಆದರೆ ಅಂಥ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ಕೂಡಿ ಅಡಗಬೇಕಾದಾಗಲೆಲ್ಲ ಉಳಿದವರೆಲ್ಲ ಒಳಗಾದ ಮೇಲೆಯೇ ಅವರು ಅಡಗುತ್ತಿದ್ದರು. ಈ ಒಂದು ಮಾತನ್ನು ದಯಮಾಡಿ ನೆನಪಿಟ್ಟುಕೊಳ್ಳಿ.

ಆ ದಿನ ಅವರೂ ಅವರ ಸಂಗಡ ಭೂಗತನಾಗಿದ್ದ ನೇಮಿನಾಥನೂ ನಮ್ಮ ಅಂಗಳದ ದನದ ಕೊಟ್ಟಿಗೆಯಲ್ಲಿದ್ದರು. ನಿಮ್ಮ ತಮ್ಮ ಬೆಳಿಗ್ಗೆ ನನ್ನ ಕೈಯ ಜೋಳದ ರೊಟ್ಟಿ ತಿಂದು, ಮಾಲಗಾಂವದಲ್ಲಿ ನಮ್ಮ ಅಕ್ಕ ಇದಕ್ಕಿಂತ ತೆಳ್ಳಗೆ ಬಡಿಯುತ್ತಾಳೆ ಎಂದು ನನ್ನನ್ನು ರೇಗಿಸಿದ್ದ. ಮಧ್ಯಾಹ್ನ ಸುದ್ದಿ ಬಂತು — ಈ ಸಲ ಪೋಲೀಸರು ಸಾಂಗಲಿ ದರಬಾರದ ಪರವಾನಗಿ ತಂದಿದ್ದಾರೆ, ಹರಿಪುರದ ಹಾದಿಯಲ್ಲಿ ಮನೆಮನೆ ನೋಡುತ್ತಾರೆ. ನನ್ನ ಗಂಡ ಪೇಟೆಯಲ್ಲಿದ್ದರು. ಅಂಗಳದಲ್ಲಿ ಇದ್ದವರು ನಾನು, ಪಡಸಾಲೆಯಲ್ಲಿ ಕೂತಿದ್ದ ಅತ್ತೆ, ನಮ್ಮ ಹಳೆಯ ಹಮಾಲ ಬಾಳು ಕಾಕಾ. ಅರ್ಧ ಅರಿಶಿನ ತೆಗೆದು ಮತ್ತೆ ಮುಚ್ಚಿದ್ದ ಒಂದು ಹಗೇವು ಇತ್ತು. ಕಾಕಾ ಅದರ ಬಾಯಿಯ ಮಣ್ಣು ಕೆದರಿ ಕಲ್ಲು ಸರಿಸಿದ. ಕೊಟ್ಟಿಗೆಯಲ್ಲಿದ್ದ ಇಬ್ಬರನ್ನೂ ಕರೆತರಲು ಹೋದ. ನಾನು ದೇವರ ಮುಂದೆ ಹಚ್ಚಿದ ಕಂದೀಲು ತಂದು ಹಗ್ಗ ಬಿಟ್ಟೆ.

ಆರಿತು.

ಅರ್ಧಕ್ಕೂ ಹೋಗಿರಲಿಲ್ಲ, ಆರಿತು. ನಾನು ಹೆದರಿದೆ — ನೇಮಿನಾಥನಿಗಾಗಿ ಅಲ್ಲ, ಚಂಪಕ್ಕ. ನನಗಾಗಿ. ನನಗಾಗ ಹತ್ತೊಂಬತ್ತು ವರ್ಷ, ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಅಂದು ಬೆಳಿಗ್ಗೆಯೇ ಅತ್ತೆ, ಇನ್ನೊಂದು ಸಲ ಹೀಗಾದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತೇನೆ, ನೀನು ಬೇಡಗಕ್ಕೆ ಹೋಗಬಹುದು ಎಂದಿದ್ದರು. ಅವರು ಪಡಸಾಲೆಯಿಂದ ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇವಳ ಕೈಯಲ್ಲಿ ದೀಪವೂ ನಿಲ್ಲುವುದಿಲ್ಲ — ಆ ಮಾತು ಅವರ ಬಾಯಿಂದ ಬರುವ ಮೊದಲೇ ನನ್ನ ಕಿವಿಗೆ ಬಿತ್ತು.

ಕಂದೀಲು ಮೇಲೆಳೆದೆ. ಸೆರಗು ಮರೆಮಾಡಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೆಟ್ಟಿಗೆಯಿಂದ ಕಡ್ಡಿ ಗೀರಿದೆ. ಮೊದಲ ಕಡ್ಡಿ ಗಾಳಿಗೆ ಆರಿತು, ಎರಡನೆಯದು ಹತ್ತಿತು. ಯುದ್ಧದ ಕಾಲದಲ್ಲಿ ಕಡ್ಡಿಪೆಟ್ಟಿಗೆ ಸಿಗುವುದೇ ಕಷ್ಟ. ಒಲೆಯ ಕೆಂಡದಲ್ಲೇ ಎಲ್ಲ ಹೊತ್ತಿಸಿಕೊಳ್ಳುತ್ತಿದ್ದೆವು. ಆ ಎರಡು ಕಡ್ಡಿಗಳನ್ನು ಅಲ್ಲೇ ಬಿಸಾಡಿದೆ. ಮತ್ತೆ ಕೆಳಗೆ ಬಿಡಬೇಕಿತ್ತು. ಬಿಡಲಿಲ್ಲ. ಕಂದೀಲು ಹಿಡಿದು ಹಗೇವಿನ ಬಾಯಲ್ಲಿ ನಿಂತೆ. ಅಷ್ಟರಲ್ಲಿ ಮೂವರೂ ಬಂದರು.

ಮಾಸ್ತರರು ಕೇಳಿದರು, "ದೀಪ ಏನಂತು, ಗಂಗಾ?"

ನಾನು ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ, "ಉರಿತೈತ್ರಿ ಮಾಸ್ತರ್ರ."

"ನೀ ಅಂದಮ್ಯಾಲ ಆತು," ಎಂದರು. ನೇಮಿನಾಥನ ಕಡೆ ತಿರುಗಿ, "ಮೊದಲ ನೀ ಇಳಿ," ಎಂದರು. ಎಲ್ಲರೂ ಒಳಗಾದ ಮೇಲೆ ತಾವು ಎಂಬ ಅವರ ರೂಢಿಯಂತೆಯೇ.

ನಾನು ಆಗಲೂ ಬಾಯಿ ತೆರೆಯಬಹುದಿತ್ತು. ಅವನ ಕಾಲು ಹಗ್ಗಕ್ಕೆ ಸಿಕ್ಕುವವರೆಗೂ, ತಲೆ ಮರೆಯಾಗುವವರೆಗೂ ಸಮಯವಿತ್ತು. ಹಗೇವಿನ ಬಾಯಿ ತೆರೆದಿದೆಯಲ್ಲ, ಇಷ್ಟರಲ್ಲಿ ಗಾಳಿ ಹೋಗಿರುತ್ತದೆ — ಎಂದು ನನಗೆ ನಾನೇ — ಇಲ್ಲ, ಅದನ್ನು ಬರೆಯುವುದಿಲ್ಲ. ಬರೆದರೆ ನೆಪವಾಗುತ್ತದೆ.

ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು, ಆಮೇಲೆ ಏನೂ ಇಲ್ಲ. ಮಾಸ್ತರರು ಎರಡು ಸಲ ಕೂಗಿದರು. ಮರುಕ್ಷಣ ದನದ ಬಾನಿಯ ನೀರಿನಲ್ಲಿ ಅದ್ದಿದ ರುಮಾಲು ಮುಖಕ್ಕೆ ಸುತ್ತಿ, ಸೊಂಟಕ್ಕೆ ಇನ್ನೊಂದು ಹಗ್ಗ ಬಿಗಿದುಕೊಂಡು ತಾವೇ ಇಳಿದರು. ಇದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮ ತಮ್ಮನಿಗೆ ಹಗ್ಗ ಕಟ್ಟಿ ಮೇಲೆ ಕಳಿಸಿ, ತಾವು ಆಮೇಲೆ ಬಂದರು — ಬಂದರು ಎನ್ನುವುದಕ್ಕಿಂತ ಕಾಕಾನೂ ನಾನೂ ಎಳೆದು ಹಾಕಿದೆವು. ಅವರ ತುಟಿ ನೀಲಿಯಾಗಿತ್ತು. ಎಚ್ಚರವಾದ ಕೂಡಲೇ ನೇಮಿನಾಥನ ಎದೆ ಒತ್ತಿದರು, ಬಹಳ ಹೊತ್ತು ಒತ್ತಿದರು. ಅವನು ಏಳಲಿಲ್ಲ. ಪೋಲೀಸರು ಬರಲೇ ಇಲ್ಲ. ನಮ್ಮ ಅಂಗಳ ದಾಟಿ ಮುಂದೆ ಹೋಗಿದ್ದರಂತೆ.

ಆಗ ಅವರ ಕಣ್ಣು ನೆಲದ ಮೇಲೆ ಬಿತ್ತು. ಎರಡು ಸುಟ್ಟ ಕಡ್ಡಿ. ದೇವರ ಮುಂದೆ ಹಚ್ಚಿ ತಂದ ದೀಪಕ್ಕೆ ಹಗೇವಿನ ಬಾಯಲ್ಲಿ ಕಡ್ಡಿ ಯಾಕೆ ಬೇಕಾಯಿತು? ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು, ಪಡಸಾಲೆಯ ಕಡೆ ನೋಡಿದರು. ಕಡ್ಡಿಗಳನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಬಾಳು ಕಾಕಾನಿಗೆ ಹೇಳಿದರು, ಈ ಮನೆಯ ಹೆಣ್ಣುಮಗಳ ಹೆಸರು ಎಲ್ಲಿಯೂ ಬರಬಾರದು, ದೀಪದ ಮಾತು ಎತ್ತಿದರೆ ಬಿಟ್ಟವರು ಯಾರೆಂಬ ಮಾತೂ ಬರುತ್ತದೆ, ಅದಕ್ಕೇ ದೀಪದ ಮಾತೇ ಬೇಡ.

ಉಳಿದದ್ದು ನಿಮಗೇ ಗೊತ್ತು. ತಲೆಯ ಮೇಲೆ ವಾರಂಟಿದ್ದ ಮನುಷ್ಯ ಹಾಡಹಗಲು ಚಕ್ಕಡಿ ಕಟ್ಟಿಸಿ, ನಿಮ್ಮ ತಮ್ಮನ ದೇಹದೊಂದಿಗೆ ಮಾಲಗಾಂವಕ್ಕೆ ಬಂದು ನಿಮ್ಮ ತಾಯಿಯ ಮುಂದೆ ನಿಂತರು. ಚಕ್ಕಡಿ ಹೊಡೆದವನು ಕಾಕಾ, ಅವನೇ ನನಗೆ ಹೇಳಿದ್ದು. "ನಾನ ಇಳಿ ಅಂದೆ, ತಪ್ಪು ನಂದು," ಅಂದರಂತೆ. ದೀಪ ಬಿಟ್ಟಿದ್ರೋ ಇಲ್ಲೋ ಅಷ್ಟು ಹೇಳಿರೆಂದು ನೀವು ಕೇಳಿದಿರಂತೆ. ಅವರು ತಲೆ ತಗ್ಗಿಸಿದರಂತೆ. ಮರಳಿ ಬರುವಾಗ ಮಿರಜ ಸ್ಟೇಷನ್ನಿನ ಹತ್ತಿರ ಅವರನ್ನು ಹಿಡಿದರು. ಎರಡು ವರ್ಷ ತಪ್ಪಿಸಿಕೊಂಡಿದ್ದವರು ನಿಮ್ಮ ಮನೆಗೆ ಬಂದದ್ದಕ್ಕೇ ಸಿಕ್ಕಿಬಿದ್ದರು.

ಯುದ್ಧ ಮುಗಿದು ಅವರು ಜೇಲಿನಿಂದ ಬಂದಾಗ ಸಾಂಗಲಿಯಲ್ಲಿ ಸತ್ಕಾರ. ಹೆಂಗಸರ ಸಾಲಿನಲ್ಲಿ ನಾನಿದ್ದೆ, ಬಸುರಿ. ನೀವು ನಿಮ್ಮ ಜಾಗದಿಂದ ಎದ್ದು ನಿಂತಿರಿ. ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ: "ದೀಪದ ಬದಲಿ ನನ್ನ ತಮ್ಮನ್ನ ಬಿಟ್ಟಾನ ಈ ಮನಶ್ಯಾ!"

ಮಾಸ್ತರರು ಕೊರಳ ಮಾಲೆ ತೆಗೆದು ಮೇಜಿನ ಮೇಲಿಟ್ಟರು. ಭಾಷಣ ಮಾಡಲಿಲ್ಲ. ನಿಮಗೆ ಕೈಮುಗಿದು ಮೆಟ್ಟಿಲಿಳಿದು ಹೋದರು. ನನ್ನ ಮುಂದೆಯೇ ಹಾದುಹೋದರು, ನನ್ನ ಕಡೆ ನೋಡಲೂ ಇಲ್ಲ — ನೋಡಿದರೆ ಯಾರಾದರೂ ಗಮನಿಸಿಯಾರು ಎಂದು. ಹಗೇವಿನ ಬಾಯಲ್ಲಿ ನಾನು ಹೇಳಿದ ಸುಳ್ಳಿಗೆ ಭಯ ಎಂಬ ಹೆಸರಾದರೂ ಇದೆ. ಆ ಸತ್ಕಾರದಲ್ಲಿನ ನನ್ನ ಮೌನಕ್ಕೆ ಅದೂ ಇಲ್ಲ. ಅಲ್ಲಿ ನಾನು ಯೋಚಿಸಿ ಸುಮ್ಮನಿದ್ದೆ.

ಸಂಸ್ಥಾನ ವಿಲೀನವಾಗುವ ಮುಂಚೆಯೇ ಅವರು ತೀರಿಕೊಂಡರು. ಜೇಲಿನಲ್ಲಿ ಹತ್ತಿದ ಕೆಮ್ಮು ಬಿಡಲೇ ಇಲ್ಲ. ಕೊನೆಗೆ ಮಿರಜದಲ್ಲಿ ಹಾಸಿಗೆ ಹಿಡಿದಿದ್ದಾಗ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ನೋಡಲು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. "ಮಾಸ್ತರ್ರ, ಆ ದಿನಾ ದೀಪ —" ಎಂದೆ.

"ಉರಿತೈತಿ ಅಂತ ನೀ ಅಂದಿದ್ದಿಯಲ್ಲಾ," ಎಂದರು. "ಕೂಸು ಅಳಾಕತ್ತೈತಿ ನೋಡು. ಮೊದಲ ಹಾಲು ಕುಡಸು."

ನಾನು ಹಾಲು ಕುಡಿಸಿದೆ. ಕುಡಿಸಿಕೊಂಡು ಮನೆಗೆ ಬಂದೆ. ದೊಡ್ಡ ಮನುಷ್ಯ ನನ್ನನ್ನು ಕ್ಷಮಿಸಿದರು ಎಂದು ಎಷ್ಟೋ ವರ್ಷ ಹಗುರವಾಗಿಯೇ ಬದುಕಿದೆ. ಅತ್ತೆ ಸತ್ತರು, ಗಂಡ ಸತ್ತರು, ಬಾಳು ಕಾಕಾ ಸತ್ತ. ಹೆದರಲು ಯಾರೂ ಉಳಿಯದ ಮೇಲೂ ನನ್ನ ಬಾಯಿ ತೆರೆಯಲಿಲ್ಲ. ಹೋದ ವಾರ ನಿಮ್ಮ ಕಾಗದ ಕೇಳಿದಾಗ ಮಾತ್ರ ಒಂದು ಹೊಳೆಯಿತು: ಅವರು ಕ್ಷಮಿಸಬಹುದಾದದ್ದು ತಮ್ಮ ಪಾಲಿನದನ್ನು ಮಾತ್ರ. ನಿಮ್ಮ ಪಾಲಿನದನ್ನು ಕ್ಷಮಿಸಲು ಅವರು ಯಾರು? ನನ್ನನ್ನು ಉಳಿಸಲು ಹೋಗಿ ಅವರು ನಿಮ್ಮ ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಟ್ಟರು. ಅವರನ್ನು ದೇವರಂತೆ ಕಾಣುವ ನಾನು ಕೂಡ ಅದು ಸರಿಯಾಯಿತು ಎನ್ನಲಾರೆ. ಆದರೆ ಅವರನ್ನು ಆ ಇಕ್ಕಟ್ಟಿಗೆ ನೂಕಿದವಳು ನಾನು.

ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ತಕರಾರನ್ನು ಹಿಂದೆ ತೆಗೆದುಕೊಳ್ಳಿ ಎಂದೂ ಕೇಳುವುದಿಲ್ಲ. ಶಾಲೆಗೆ ಯಾರ ಹೆಸರು ಬೇಕು ಎನ್ನುವುದನ್ನು ನಿಜ ಗೊತ್ತಾದ ಮೇಲೆ ನೀವೇ ಹೇಳಿ. ಈ ಕಾಗದ ಶುಕ್ರವಾರ ನಿಮ್ಮ ಕೈಸೇರುತ್ತದೆ. ಶನಿವಾರ ನಾನೇ ಮಾಲಗಾಂವಕ್ಕೆ ಬರುತ್ತೇನೆ. ಒಳಗೆ ಕರೆಯಬೇಕಿಲ್ಲ, ನಿಮ್ಮ ಕಟ್ಟೆಯ ಮೇಲೆ ಕೂತಿರುತ್ತೇನೆ, ನಿಮಗೆ ಏನು ಅನ್ನಬೇಕೋ ಅನ್ನಿ.

ರವಿವಾರ ಬೇಡಗದ ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ನನ್ನ ಮಗಳು ಬರುತ್ತಾಳೆ, ಮೊಮ್ಮಕ್ಕಳು ಬರುತ್ತಾರೆ, ಅವರ ಮುಂದೆಯೇ. ಅಂದು ಅತ್ತೆಗೆ ಕೇಳಲೆಂದು ಎಷ್ಟು ಗಟ್ಟಿಯಾಗಿ 'ಉರಿತೈತಿ' ಎಂದಿದ್ದೆನೋ, ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ — ದೀಪ ಬಿಟ್ಟಿದ್ದೆ, ಅದು ಆರಿತ್ತು, ನಾನು ಹೇಳಲಿಲ್ಲ.